ಹಳೇ ಕಾಂಟೆಸ್ಸಾಗೆ ಯಾವ ರೇಡಿಯೇಟರ್?

ದೊಡ್ಡಬಳ್ಳಾಪುರದ ಗ್ಯಾರೇಜಲ್ಲಿರೋ ನನ್ನ ಕಾಂಟೆಸ್ಸಾಗೆ ಒರಿಜಿನಲ್ ರೇಡಿಯೇಟರ್ ಹುಡುಕ್ತಿದ್ದೀನಿ. ಅಂಗಡೀಲಿ ಕಾರಿನ ಹೆಸರು ಹೇಳಿದ್ರೆ ಸಾಲಲ್ಲ, ಮೊದಲು ಬಾನೆಟ್ ಎತ್ತಿ ಇಂಜಿನ್ ಯಾವುದು ಅಂತ ನೋಡಿ. 1984ರಲ್ಲಿ ಬಂದ ಕಾಂಟೆಸ್ಸಾದಲ್ಲಿದ್ದದ್ದು ಅಂಬಾಸಿಡರ್‌ನ 1,489 ಸಿಸಿ ಇಂಜಿನ್. ಆಮೇಲೆ ಬಂದ ಕ್ಲಾಸಿಕ್‌ಗೆ ಇಸುಜು 1.8 ಲೀಟರ್. ಇಂಜಿನ್ ಬೇರೆಯಾದ್ರೆ ಹೋಸ್ ಕೂರೋ ಜಾಗವೂ ಬೇರೆ ಆಗಬಹುದು. ಚಿಕ್ಕದೊಂದನ್ನ ಹೇಗೋ ಕೂರಿಸಿದ್ರೆ ನಂದಿ ಬೆಟ್ಟ ಹತ್ತೋವಾಗ ಇಂಜಿನ್ ಹೀಟಾಗಿ ಹೆಡ್ ಗ್ಯಾಸ್ಕೆಟ್ಟೇ ಹೋಗುತ್ತೆ.

ಹಾಗಾಗಿ ಹಳೇದನ್ನ ಗುಜರಿಗೆ ಹಾಕ್ಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಅದನ್ನೇ ಹೊತ್ಕೊಂಡು ಹೋಗಿ. ಉದ್ದ, ಅಗಲ, ದಪ್ಪ, ಹೋಸ್ ಬಾಯಿ, ಬ್ರಾಕೆಟ್ ಎಲ್ಲಾ ಪಕ್ಕಪಕ್ಕ ಇಟ್ಟು ಹೋಲಿಸಿ. ಸಿಗಲಿಲ್ವಾ? ಮೇಲಿನ, ಕೆಳಗಿನ ಟ್ಯಾಂಕ್ ಚೆನ್ನಾಗಿದ್ರೆ ಅವನ್ನ ಉಳಿಸ್ಕೊಂಡು ಮಧ್ಯದ ಕೋರ್ ಮಾತ್ರ ಹೊಸದು ಹಾಕಿಸಿ. ಆಗ ಒರಿಜಿನಲ್ಲೂ ಉಳಿಯುತ್ತೆ, ಇಂಜಿನ್ನೂ ಉಳಿಯುತ್ತೆ.