ಚೌಕಟ್ಟಿನಾಚೆಯ ತಂದೆ: ರವಿವರ್ಮನ ಒಂದು ಚಿತ್ರದ ಭಾವ ಮತ್ತು ಸಂಕೇತ

ರಾಜಾ ರವಿವರ್ಮ 1893ರಲ್ಲಿ ರಚಿಸಿದ, ಅದೇ ವರ್ಷ ಶಿಕಾಗೋದ ವಿಶ್ವಮೇಳದಲ್ಲಿ ಪ್ರದರ್ಶಿತವಾದ ತೈಲಚಿತ್ರವೊಂದಕ್ಕೆ ‘ದೇರ್ ಕಮ್ಸ್ ಪಪ್ಪಾ’ ಎಂಬ ಇಂಗ್ಲಿಷ್ ಶೀರ್ಷಿಕೆಯಿದೆ. ಅಗೋ, ಅಪ್ಪ ಬಂದರು ಎಂದು ಅದರ ಅರ್ಥ. ಬಿಳಿಯ ಮುಂಡು ಉಟ್ಟ ತಾಯಿ, ಅವಳು ಎತ್ತಿಕೊಂಡ ಮಗು, ಕಾಲ ಬಳಿ ನಾಯಿ. ತಂದೆ ಮಾತ್ರ ಚಿತ್ರದಲ್ಲಿಲ್ಲ. ಶೀರ್ಷಿಕೆಯನ್ನು ಮರೆಮಾಡಿ ನೋಡಿದರೆ ಉಳಿಯುವುದು ಚೌಕಟ್ಟಿನಾಚೆಗೆ ನೆಟ್ಟ ತಾಯಿಯ ದೃಷ್ಟಿ ಮತ್ತು ನಿರೀಕ್ಷೆಯ ಭಾವ. ನಿರೀಕ್ಷೆ ಯಾರದೆಂಬುದನ್ನು ಬಣ್ಣ ಹೇಳುವುದಿಲ್ಲ, ಶೀರ್ಷಿಕೆ ಹೇಳುತ್ತದೆ.

ಇದನ್ನು ಸುಖೀ ಸಂಸಾರದ ಚಿತ್ರವೆಂದು ಓದುವುದು ಸುಲಭ. ಆದರೆ ಈ ತಾಯಿಗೆ ರೂಪದರ್ಶಿಯಾದವಳು ಕಲಾವಿದನ ಮಗಳು ಮಹಾಪ್ರಭಾ. ಆ ಕುಟುಂಬದಲ್ಲಿದ್ದುದು ಮರುಮಕ್ಕತ್ತಾಯಂ. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಅಪರಿಚಿತವಲ್ಲದ ಮಾತೃಮೂಲ ಪದ್ಧತಿ. ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು. ರವಿವರ್ಮ ಕಿಳಿಮಾನೂರಿನವನು, ಅವನ ಮಕ್ಕಳು ಮಾವೇಲಿಕ್ಕರದವರು. ಅಂಥ ಮನೆಯಲ್ಲಿ ತಂದೆಯ ಆಗಮನವನ್ನೇ ಶೀರ್ಷಿಕೆ ಸಾರುವುದು ಕೇವಲ ಕೌಟುಂಬಿಕ ಸಂಗತಿಯಲ್ಲ. ನೆರೆಯ ಬ್ರಿಟಿಷ್ ಮಲಬಾರಿನಲ್ಲಿ 1896ರಲ್ಲಿ ವಿವಾಹ ಕಾಯಿದೆಯೇ ಬಂದಿತು. ಕೇರಳದ ಮಾತೃಮೂಲ ವ್ಯವಸ್ಥೆಯ ಪಲ್ಲಟವನ್ನು ಕುರಿತ ತಮ್ಮ 2003ರ ಗ್ರಂಥಕ್ಕೆ ಜಿ. ಅರುಣಿಮಾ ಈ ಚಿತ್ರದ ಹೆಸರನ್ನೇ ಇಟ್ಟರು.

ಆದರೂ ಚಿತ್ರವನ್ನು ಪಿತೃಪ್ರಧಾನ ಕುಟುಂಬದ ಘೋಷಣೆಯಾಗಿ ಮಾತ್ರ ಕಂಡರೆ ಅದರ ಭಾವ ಕೈಬಿಟ್ಟುಹೋಗುತ್ತದೆ. ಬರುವವನು ಇನ್ನೂ ಬಂದಿಲ್ಲ. ಕ್ಯಾನ್ವಾಸಿನಷ್ಟೂ ಜಾಗ ತಾಯಿ ಮಗುವಿನದೇ. ಕುಂಚ ಹಿಡಿದವನೂ ಒಬ್ಬ ತಂದೆಯೇ. ಮಗಳ ನೋಟ ಅವನತ್ತಲೂ ಇಲ್ಲ.