ಕರಗಿದ ಮೈ, ನಿಲ್ಲದ ಗಬ್ಬ

ಗಬ್ಬದ ಕೊನೆಯ ವಾರಗಳಲ್ಲಿ ಹಸುವಿಗೆ ಹಿಂಡಿ, ಧಾನ್ಯ ಏರಿಸುತ್ತ ಹೋದರೆ ಕರು ಹಾಕಿದ ಮೇಲೆ ಹಾಲು ಹೆಚ್ಚುತ್ತದೆ ಎಂದು 1920ರ ದಶಕದಲ್ಲಿ ಇಂಗ್ಲೆಂಡಿನ ರಾಬರ್ಟ್ ಬೌಟ್‌ಫ್ಲವರ್ ಸಾರಿದರು. ಆ ಪದ್ಧತಿ ದಶಕಗಳ ಕಾಲ ನಡೆಯಿತು. ಮೈ ತುಂಬಿದ ಹಸುವನ್ನು ಕಂಡು ಆತಂಕಪಡಲು ಯಾರಿಗೂ ಕಾರಣವಿರಲಿಲ್ಲ.

ಆ ಕಾರಣವನ್ನು ತೋರಿಸಿಕೊಟ್ಟವರು ಮಿಷಿಗನ್‌ನ ಪಶುವೈದ್ಯ ಡೇವಿಡ್ ಮಾರೊ. ಕರು ಹಾಕುವ ಹೊತ್ತಿಗೆ ವಿಪರೀತ ಕೊಬ್ಬಿದ ಹಸುಗಳಲ್ಲಿ ಹಾಲುಜ್ವರ, ಕಸ ಬೀಳದಿರುವುದು, ಗರ್ಭಕೋಶದ ಸೋಂಕು, ಕೆಚ್ಚಲು ಬಾವು, ಕೀಟೋಸಿಸ್ ಒಂದರ ಬೆನ್ನಿಗೊಂದು ಬರುವುದನ್ನು ಅವರು 1976ರಲ್ಲಿ ವಿವರಿಸಿದರು. ಬಿಡಿ ರೋಗಗಳೆಂದು ಬೇರೆ ಬೇರೆ ಮದ್ದು ಮಾಡುತ್ತಿದ್ದವೆಲ್ಲ ಒಂದೇ ಬೇರಿನವು ಎಂದದ್ದೇ ದೊಡ್ಡ ಹೆಜ್ಜೆ. ಕರು ಹಾಕಿದೊಡನೆ ಕರಗುವ ಕೊಬ್ಬು ಪಿತ್ತಜನಕಾಂಗಕ್ಕೆ ನುಗ್ಗುತ್ತದೆ. ಅದಕ್ಕೆ ಅರಗಿಸಲಾಗದೆ ಅಲ್ಲೇ ತುಂಬಿಕೊಳ್ಳುತ್ತದೆ.

ಹಾಗಾದರೆ ಹಸುವಿನ ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ತಿಳಿಯುವುದು ಹೇಗೆ? ತಕ್ಕಡಿಯನ್ನು ನಂಬುವಂತಿಲ್ಲ. ಎತ್ತರದ ಹಸು ಬಡಕಲಾದರೂ ತೂಗುತ್ತದೆ. ಕರು ಹಾಕಿದ ಮೇಲೆ ಮೇವು ಹೆಚ್ಚು ತಿಂದು ಹೊಟ್ಟೆ ತುಂಬಿಕೊಳ್ಳುವುದರಿಂದ, ಕೊಬ್ಬು ಕರಗಿದ್ದು ತೂಕದಲ್ಲಿ ಪೂರ್ತಿ ಕಾಣುವುದಿಲ್ಲ. ಉತ್ತರ ಸಿಕ್ಕಿದ್ದು ಕುರಿಗಳಿಂದ. 1961ರಲ್ಲಿ ಟಾಸ್ಮೇನಿಯಾದ ಜೆಫ್ರೀಸ್ ಕುರಿಯ ಬೆನ್ನುಮೂಳೆಯನ್ನು ಬೆರಳಿನಿಂದ ತಡವಿ ಅಂಕ ಕೊಡುವ ಕ್ರಮವನ್ನು ಬರೆದಿಟ್ಟರು. ಬರೀ ಕೈಯ ಅಂದಾಜನ್ನು ವಿಜ್ಞಾನ ಸುಮ್ಮನೆ ಒಪ್ಪೀತೇ? 1969ರಲ್ಲಿ ಸ್ಕಾಟ್ಲೆಂಡಿನ ರಸೆಲ್ ಮತ್ತು ಜೊತೆಗಾರರು ಅಂಕ ಕೊಟ್ಟ ಕುರಿಗಳನ್ನೇ ಕಡಿದು, ಅವುಗಳ ಕೊಬ್ಬನ್ನು ರಾಸಾಯನಿಕವಾಗಿ ಅಳೆದರು. ಬೆರಳು ಹೇಳಿದ್ದಕ್ಕೂ ಪ್ರಯೋಗಾಲಯ ಹೇಳಿದ್ದಕ್ಕೂ ಬಹಳ ಚೆನ್ನಾಗಿ ತಾಳೆಯಾಯಿತು. ಇಡೀ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇದು: ಕುರಿಗಾಹಿಯ ಕೈಗೆ ಗೊತ್ತಿದ್ದದ್ದು ಅಂದು ಅಂಕಿಯಾಯಿತು.

ಹಾಲಿನ ಹಸುಗಳಿಗೆ ಈ ಕ್ರಮ ಬಂದದ್ದು 1970ರ ದಶಕದಲ್ಲಿ. 1982ರಲ್ಲಿ ವರ್ಜೀನಿಯಾದ ಸಂಶೋಧಕರು 1ರಿಂದ (ತೀರ ಬಡಕಲು) 5ರವರೆಗಿನ (ವಿಪರೀತ ದಪ್ಪ) ಅಂಕವನ್ನು ರೂಪಿಸಿದರು. 1989ರಲ್ಲಿ ಕ್ಯಾಲಿಫೋರ್ನಿಯಾದ ಎಡ್ಮನ್ಸನ್ ಬಳಗ ಸೊಂಟದ ಮೂಳೆ, ಬಾಲದ ಬುಡದ ಗುಳಿ ಮೊದಲಾದವನ್ನು ನೋಡಿ ಅಂಕ ಕೊಡಲು ಚಿತ್ರಪಟ ಮಾಡಿತು.

ಅದೇ 1982ರಲ್ಲಿ ಸಂಶೋಧಕರಾದ ಗಾರ್ನ್ಸ್‌ವರ್ದಿ ಮತ್ತು ಟಾಪ್ಸ್ ಹಳೆಯ ನಂಬಿಕೆಯ ಬುಡವನ್ನೇ ಅಲುಗಿಸಿದರು. ಸಪೂರವಾಗಿದ್ದು ಕರು ಹಾಕಿದ ಹಸುಗಳು ಆಮೇಲೆ ಚೆನ್ನಾಗಿ ಮೇದವು. ದಪ್ಪ ಹಸುಗಳ ಹಸಿವು ಇಂಗಿತ್ತು. ಅವು ಮೈಯನ್ನೇ ಕರಗಿಸಿ ಹಾಲು ಕೊಟ್ಟವು.

ಗಬ್ಬ ನಿಲ್ಲದಿರುವುದಕ್ಕೂ ಹೀಗೆ ಮೈ ಕರಗುವುದಕ್ಕೂ ಇರುವ ನಂಟನ್ನು 1992ರಲ್ಲಿ ಅಮೆರಿಕದ ಜ್ಯಾಕ್ ಬ್ರಿಟ್ ಹೊಸ ಬಗೆಯಲ್ಲಿ ಕಟ್ಟಿಕೊಟ್ಟರು. ಹಸುವಿನ ಅಂಡವನ್ನು ಹೊತ್ತ ಕೋಶಕ ಬಲಿತು ಒಡೆಯಲು ಎರಡು ತಿಂಗಳಿಗೂ ಹೆಚ್ಚು ಬೇಕು. ಬಾಣಂತನದ ಮೊದಲ ವಾರಗಳಲ್ಲಿ ತಿಂದದ್ದು ಹಾಲಿಗೆ ಸಾಲದೆ ಮೈ ಇಳಿಯುವಾಗ ಬೆಳೆಯತೊಡಗಿದ ಕೋಶಕವೇ ಎರಡು ಮೂರು ತಿಂಗಳ ಮೇಲೆ ಬೆದೆಯ ಹೊತ್ತಿಗೆ ಒಡೆಯುತ್ತದೆ. ಅಷ್ಟರಲ್ಲಿ ಹಸು ಮೇಲ್ನೋಟಕ್ಕೆ ಸುಧಾರಿಸಿರಬಹುದು, ಆದರೆ ಅಂಡ ಕಷ್ಟದ ದಿನಗಳದ್ದು. ಇದು ಬ್ರಿಟ್ ಅವರ ಊಹೆಯಾಗಿತ್ತು. ಕೃತಕ ಗರ್ಭಧಾರಣೆಯ ಸೂಜಿ ಹಾಕಿದ ದಿನದ ಮೇವು, ಬೆದೆ, ವೀರ್ಯ ಎಂದು ದೂರುತ್ತಿದ್ದ ಕಡೆ ಅವರು ಕ್ಯಾಲೆಂಡರನ್ನು ಹಿಂದಕ್ಕೆ ತಿರುವಿದ್ದರು.

2014ರಲ್ಲಿ ವಿಸ್ಕಾನ್ಸಿನ್‌ನ ಕಾರ್ವಾಲೊ ಬಳಗ 1,887 ಹೋಲ್‌ಸ್ಟೀನ್ ಹಸುಗಳ ಲೆಕ್ಕವನ್ನು ಪ್ರಕಟಿಸಿತು. ಬೆದೆ ನೋಡುವುದರಲ್ಲಿ ತಪ್ಪಾಗಬಾರದೆಂದು ಹಾರ್ಮೋನು ಕೊಟ್ಟು ಸಮಯ ಹೊಂದಿಸಿಯೇ ಗರ್ಭಧಾರಣೆ ಮಾಡಿಸಲಾಗಿತ್ತು. ಕರು ಹಾಕಿದ ಮೊದಲ ಮೂರು ವಾರ ಮೈ ಇಳಿದ ಹಸುಗಳಲ್ಲಿ ಗಬ್ಬ ನಿಂತದ್ದು ಸುಮಾರು ಶೇ. 25ರಲ್ಲಿ, ಇದ್ದಂತೆಯೇ ಇದ್ದವುಗಳಲ್ಲಿ ಶೇ. 38ರಲ್ಲಿ, ಮೈ ತುಂಬಿಕೊಂಡವುಗಳಲ್ಲಿ ಶೇ. 84ರಲ್ಲಿ. ಕೆಲವು ಹಸುಗಳಿಗೆ ಮಾತ್ರ ಮೈ ಉಳಿಸಿಕೊಳ್ಳಲು ಸಾಧ್ಯವಾದದ್ದೇಕೆ ಎಂಬುದು ಬೇರೆಯದೇ ಪ್ರಶ್ನೆ. ಆದರೂ ಇಷ್ಟು ದೊಡ್ಡ ಅಂತರವನ್ನು ಕಡೆಗಣಿಸಲಾಗದು.

ನಮ್ಮಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಸಾಕುವವರಿಗೂ ಇದು ದೂರದ ಮಾತಲ್ಲ. ಹಸು ಕರು ಹಾಕುವಾಗ 3ರಿಂದ 3.25 ಅಂಕದಲ್ಲಿರಲಿ ಎನ್ನುತ್ತಾರೆ. ಆದರೆ ಹಾಲು ಬತ್ತಿಸಿದ ಮೇಲೆ ದಪ್ಪ ಹಸುವಿಗೆ ಮೇವು ಕಡಿಮೆ ಮಾಡಿ ಇಳಿಸಲು ಹೋದರೆ ಕೊಬ್ಬು ಆಗಲೇ ಪಿತ್ತಜನಕಾಂಗದ ದಾರಿ ಹಿಡಿಯುತ್ತದೆ. ಹಾಗಾಗಿ ಬತ್ತಿಸುವುದಕ್ಕೆ ಎರಡು ಮೂರು ತಿಂಗಳು ಮೊದಲೇ, ಇನ್ನೂ ಹಾಲು ಕರೆಯುತ್ತಿರುವಾಗಲೇ, ಬಾಲದ ಬುಡ ತಡವಿ ನೋಡಿ ಮೇವನ್ನು ಹೊಂದಿಸಬೇಕು.