ಹೊಟ್ಟೆಯಿಂದ ಇಳಿದು ಬಂದ ಪೊರೆ

ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಅಂಗರಚನೆಯ ಶಾಲೆ ನಡೆಸುತ್ತಿದ್ದ ವಿಲಿಯಂ ಹಂಟರ್‌ಗೆ ಒಂದು ಬಗೆಯ ಹರ್ನಿಯಾ ಬಿಡಿಸಲಾಗದ ಒಗಟಾಗಿತ್ತು. ಸಾಮಾನ್ಯವಾಗಿ ಕರುಳು ತೊಡೆಸಂದಿನಿಂದ ಕೆಳಗೆ ಜಾರುವಾಗ ಹೊಟ್ಟೆಯ ಒಳಪೊರೆಯನ್ನೂ ತಳ್ಳಿಕೊಂಡು ಬರುತ್ತದೆ, ಆ ಪೊರೆಯೇ ಅದಕ್ಕೆ ಚೀಲವಾಗುತ್ತದೆ. ವೃಷಣಕ್ಕೆ ಅದರದೇ ಬೇರೆ ಹೊದಿಕೆ. ಎರಡೂ ಅಕ್ಕಪಕ್ಕದಲ್ಲಿದ್ದರೂ ಒಂದನ್ನೊಂದು ಮುಟ್ಟುವಂತಿಲ್ಲ. ಆದರೆ ಕರುಳೂ ವೃಷಣವೂ ಒಂದೇ ಚೀಲದಲ್ಲಿ ಅಂಟಿಕೊಂಡಂತೆ ಕೂತಿದ್ದುದನ್ನು ಶಸ್ತ್ರವೈದ್ಯ ಸ್ಯಾಮ್ಯುಯೆಲ್ ಶಾರ್ಪ್ ಕಂಡಿದ್ದ. ಅದು ಹೇಗೆ ಸಾಧ್ಯ?

ವೈದ್ಯರು ಟ್ಯೂನಿಕಾ ವಜೈನಾಲಿಸ್ ಎನ್ನುವ ಈ ಹೊದಿಕೆ ಗ್ರೀಕರ ಕಾಲದಿಂದಲೂ ಗೊತ್ತಿದ್ದದ್ದೇ. ನೀರು ತುಂಬಿ ವೃಷಣದ ಚೀಲ ಊದಿಕೊಂಡರೆ ಚುಚ್ಚಿ, ನಳಿಗೆಯಿಟ್ಟು ಬಸಿಯುವ ಕ್ರಮವನ್ನು ನಮ್ಮ ಸುಶ್ರುತ ಸಂಹಿತೆಯೂ ಹೇಳುತ್ತದೆ. ಆದರೆ ಹೊಟ್ಟೆಯ ಒಳಪೊರೆಯಷ್ಟೇ ನುಣುಪಾದ, ಅದರಂತೆಯೇ ತೇವ ಸೂಸುವ ಈ ಪೊರೆ ಹೊಟ್ಟೆಯಿಂದಾಚೆ ಹೇಗೆ ಬಂತು ಎಂಬುದಕ್ಕೆ ಸಮಾಧಾನಕರ ಉತ್ತರವಿರಲಿಲ್ಲ.

ದಾರಿ ತೋರಿದ್ದು ಸ್ವಿಟ್ಜರ್ಲೆಂಡಿನ ಆಲ್‌ಬ್ರೆಕ್ಟ್ ಫಾನ್ ಹಾಲರ್. ಹುಟ್ಟುವ ಮೊದಲು ಗಂಡುಮಗುವಿನ ವೃಷಣಗಳು ಹೊಟ್ಟೆಯೊಳಗೇ ಇರುತ್ತವೆ ಎಂದು ಅವನು ಬರೆದಿದ್ದ. 1755ರಲ್ಲಿ ಪ್ರಕಟವಾದ ಅವನ ಪುಸ್ತಕವನ್ನು ಓದಿದ ವಿಲಿಯಂ, ಇದನ್ನು ಪರೀಕ್ಷಿಸಿ ನೋಡುವ ಕೆಲಸವನ್ನು ತಮ್ಮ ಜಾನ್‌ಗೆ ಒಪ್ಪಿಸಿದ. ಜಾನ್ ಹಂಟರ್‌ಗೆ ಆಗ 27 ವರ್ಷ. ಅಣ್ಣನಿಗಿದ್ದ ಪುಸ್ತಕಪಾಂಡಿತ್ಯ ಅವನಿಗಿರಲಿಲ್ಲ. ಕೈ ಮತ್ತು ಕಣ್ಣುಗಳಲ್ಲಿ ಮಾತ್ರ ಅವನಿಗೆ ಸಾಟಿಯಾದವರು ಕಡಿಮೆ.

ಆ ಚಳಿಗಾಲವಿಡೀ ಜಾನ್ ಭ್ರೂಣಗಳನ್ನು ಕೊಯ್ದು ನೋಡಿದ. ಎಳೆಯ ಭ್ರೂಣದಲ್ಲಿ ವೃಷಣ ಮೂತ್ರಪಿಂಡದ ಕೆಳಗೆ, ಬೆನ್ನಿನ ಸ್ನಾಯುವಿನ ಮೇಲೆ ಕೂತಿತ್ತು. ಹೊಟ್ಟೆಯ ಒಳಪೊರೆ ಅದನ್ನು ಮುಂಭಾಗದಿಂದ ಆವರಿಸಿತ್ತು. ವೃಷಣದ ಕೆಳತುದಿಯಿಂದ ಒಂದು ಗಟ್ಟಿ ಎಳೆ ತೊಡೆಸಂದಿನ ಮೂಲಕ ವೃಷಣಚೀಲದ ಕಡೆಗೆ ಹೋಗಿತ್ತು. ವೃಷಣಕ್ಕೆ ದಾರಿ ತೋರಿಸುವುದು ಇದೇ ಎಂದುಕೊಂಡು ಅದಕ್ಕೆ ಗುಬರ್ನ್ಯಾಕ್ಯುಲಮ್ ಎಂದು ಹೆಸರಿಟ್ಟ. ತಿಂಗಳು ತುಂಬುತ್ತ ಬಂದ ಭ್ರೂಣಗಳಲ್ಲಿ ವೃಷಣ ಕೆಳಗಿಳಿದಿತ್ತು, ಹೊಟ್ಟೆಯ ಪೊರೆಯೂ ಜೋಳಿಗೆಯಾಗಿ ಜೊತೆಗೇ ಇಳಿದಿತ್ತು. ಮೇಲುಗಡೆ ಅದರ ಬಾಯಿ ಇನ್ನೂ ಹೊಟ್ಟೆಗೆ ತೆರೆದಿತ್ತು. ಮಗು ಹುಟ್ಟಿ ಉಸಿರಾಡಿದ ಮೇಲೆ ಆ ಒತ್ತಡಕ್ಕೆ ವೃಷಣ ಇಳಿಯುತ್ತದೆ ಎಂಬ ಊಹೆ ಇದರಿಂದ ಬಿದ್ದುಹೋಯಿತು. ಉಸಿರಾಡುವ ಮೊದಲೇ ಅದು ಇಳಿದಾಗಿತ್ತಲ್ಲ!

ಆಮೇಲೆ ಎಲೆಯಡಿಕೆ ಸಂಚಿಯ ದಾರ ಬಿಗಿದಂತೆ ಆ ಬಾಯಿ ಮುಚ್ಚಿಕೊಳ್ಳುತ್ತದೆ. ಕೆಳಗೆ ಉಳಿದ ಭಾಗವೇ ವೃಷಣದ ಹೊದಿಕೆ. ಅದರ ಎರಡು ಪದರಗಳ ನಡುವಿನ ಅಷ್ಟಿಷ್ಟು ದ್ರವದಿಂದ ವೃಷಣ ಉಜ್ಜದೆ, ತಿಕ್ಕದೆ ಅಲುಗಾಡುತ್ತದೆ. ನಾಯಿ, ಕುದುರೆಗಳಲ್ಲಿ ಈ ದಾರಿ ಬದುಕಿಡೀ ತೆರೆದೇ ಇರುತ್ತದೆ. ಮನುಷ್ಯನಲ್ಲಿ ತೆರೆದುಳಿದರೆ ಕರುಳು ನೇರವಾಗಿ ವೃಷಣದ ಚೀಲಕ್ಕೇ ಇಳಿಯಬಹುದು. ಶಾರ್ಪ್ ಕಂಡದ್ದು ಇದನ್ನೇ. ಅಲ್ಲಿ ಯಾವ ಪೊರೆಯೂ ಹರಿದಿರಲಿಲ್ಲ, ಮುಚ್ಚಬೇಕಾದ ಬಾಯಿ ಮುಚ್ಚಿರಲಿಲ್ಲ, ಅಷ್ಟೆ.

ಜಾನ್‌ಗೆ ಬರೆಯುವುದರಲ್ಲಿ ಆತುರವಿರಲಿಲ್ಲ. ಅಷ್ಟರಲ್ಲಿ, 1757ರಲ್ಲಿ, ಅವನಿಗೆ ಒಮ್ಮೆ ಪಾಠ ಹೇಳಿದ್ದ ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯ ಪರ್ಸಿವಲ್ ಪಾಟ್ ಹುಟ್ಟಿನಿಂದ ಬರುವ ಹರ್ನಿಯಾ ಕುರಿತು ಪುಸ್ತಿಕೆ ಹೊರತಂದ. ನಮ್ಮ ಶಾಲೆಯಲ್ಲಿ ನೋಡಿದ್ದನ್ನೇ ಕದ್ದು ಬರೆದಿದ್ದಾನೆ ಎಂದು ವಿಲಿಯಂ ಕೆರಳಿದ. ಪಾಟ್ ಒಪ್ಪಲಿಲ್ಲ. 1762ರಲ್ಲಿ ವಿಲಿಯಂ ತನ್ನ 'ಮೆಡಿಕಲ್ ಕಾಮೆಂಟರೀಸ್' ಪುಸ್ತಕದಲ್ಲಿ ತಮ್ಮನ ವಿವರಣೆಯನ್ನು ಚಿತ್ರಗಳ ಸಮೇತ ಅಚ್ಚುಹಾಕಿದ. ಆ ಜಗಳ ನಡೆಯದಿದ್ದರೆ ಇಷ್ಟು ಸ್ಪಷ್ಟವಾದ ಬರಹ ಇನ್ನೆಷ್ಟು ಕಾಲ ಜಾನ್‌ನ ತಲೆಯಲ್ಲೇ ಉಳಿಯುತ್ತಿತ್ತೋ. ಮೊದಲು ಕಂಡವನು ಹಾಲರ್ ಎಂಬುದನ್ನೂ ಮರೆಯಬಾರದು. ಆದರೆ ಇಡೀ ಪಯಣವನ್ನು ಹಂತಹಂತವಾಗಿ ಹಿಂಬಾಲಿಸಿದ ಕೀರ್ತಿ ಜಾನ್‌ನದೇ.

ಇಂದು ಮಕ್ಕಳ ಶಸ್ತ್ರವೈದ್ಯರು ಹುಟ್ಟಿನ ಹರ್ನಿಯಾ ಸರಿಪಡಿಸುವಾಗ ಕಟ್ಟುವುದು ಆ ತೆರೆದ ಬಾಯಿಯನ್ನೇ. ಗಂಡುಮಗು ಅತ್ತಾಗ ತೊಡೆಸಂದು ಉಬ್ಬುತ್ತಿದ್ದರೆ, ಆರು ತಿಂಗಳಾದರೂ ಒಂದು ಬದಿಯ ವೃಷಣ ಕೈಗೆ ಸಿಗದಿದ್ದರೆ, ಹೇಳಿಕೊಳ್ಳಲು ನಾಚಬೇಡಿ, ವೈದ್ಯರಿಗೆ ತೋರಿಸಿ. ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ, ಮಗು ವಾಂತಿ ಮಾಡುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.